ಹೆಸರು ಕಳೆದುಕೊಂಡ ಹತಾರಗಳು

ಕಾವ್ಯವನ್ನು ವಿಮರ್ಶಿಸುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಕಾದಂಬರಿ, ನಾಟಕ, ವಚನಗಳ ವಿಮರ್ಶೆಗೂ ಕೊರತೆಯಿಲ್ಲ. ಆದರೆ ಹಳೆಯ ಹತಾರವೊಂದನ್ನು ಕೈಗೆತ್ತಿಕೊಂಡು ‘ಇದು ಏನು, ಇದರಿಂದ ಏನು ಮಾಡುತ್ತಿದ್ದರು?’ ಎಂದು ಕೇಳಿ, ಉತ್ತರ ಬರೆದಿಟ್ಟವರ ಬರಹಗಳನ್ನು ವಿಮರ್ಶೆಯ ಕಣ್ಣಿನಿಂದ ನೋಡುವ ವಾಡಿಕೆ ನಮ್ಮಲ್ಲಿ ಕಡಿಮೆ. ವಾಸ್ತವವಾಗಿ ಅಂಥ ಬರಹವೂ ಒಂದು ವ್ಯಾಖ್ಯಾನವೇ. ಹಳಗನ್ನಡ ಪದ್ಯದಲ್ಲಿ ಅರ್ಥ ಮರೆತುಹೋದ ಶಬ್ದ ಎದುರಾದಾಗ ವ್ಯಾಖ್ಯಾನಕಾರನು ಮಾಡುವ ಕೆಲಸವನ್ನೇ, ಹೆಸರು ಮರೆತುಹೋದ ಹತಾರದ ಮುಂದೆ ಕುಳಿತವನೂ ಮಾಡುತ್ತಾನೆ. ಸಂದರ್ಭವನ್ನು ನೋಡುತ್ತಾನೆ, ಅದರಂಥದು ಬೇರೆಲ್ಲಿಯಾದರೂ ಉಂಟೇ ಎಂದು ಹುಡುಕುತ್ತಾನೆ, ಕೊನೆಗೆ ಊಹಿಸುತ್ತಾನೆ. ಊಹಿಸುವುದು ದೋಷವಲ್ಲ. ಊಹೆಯನ್ನು ನಿರ್ಣಯವೆಂದು ಬರೆದಿಡುವುದು ದೋಷ. ಈ ಲೇಖನದಲ್ಲಿ ನಮ್ಮ ಸೀಮೆಗೂ ನಮ್ಮ ನುಡಿಗೂ ಸೇರಿದ ಕೆಲವು ಗ್ರಂಥಗಳನ್ನು ಎದುರಿಗಿಟ್ಟುಕೊಂಡು, ಹತಾರವನ್ನು ಓದುವ ಬಗೆ ಯಾವುದು, ಓದಿದವರಲ್ಲಿ ಯಾರು ಎಷ್ಟು ಗೆದ್ದರು, ಎಲ್ಲಿ ಎಡವಿದರು ಎಂಬುದನ್ನು ವಿಚಾರಿಸಲು ಯತ್ನಿಸುತ್ತೇನೆ.

ಈ ವಿಚಾರಕ್ಕೆ ಈಗ ಏನು ತುರ್ತು ಎಂದು ಸಂಘದ ಬಂಧುಗಳು ಕೇಳಬಹುದು. ನಮ್ಮ ಕೆತ್ತಿಯ ಕಣಿವೆಯನ್ನೇ ನೋಡಿ. ರಾಗಿ, ಸಾಮೆ, ಬಾರ್ಲಿ ಬೆಳೆಯುತ್ತಿದ್ದ ಇಳಿಜಾರುಗಳಲ್ಲಿ ಇಂದು ಆಲೂಗೆಡ್ಡೆ, ಕ್ಯಾರೆಟ್, ಕೋಸು, ಚಹಾ ಬೆಳೆಯುತ್ತಿವೆ. ಬೆಳೆ ಬದಲಾದರೆ ಹತಾರ ಬದಲಾಗುತ್ತದೆ. ಹತಾರ ಅಟ್ಟಕ್ಕೆ ಏರಿದರೆ ಅದರ ಹೆಸರು ಬಾಯಿಯಿಂದ ಇಳಿದುಹೋಗುತ್ತದೆ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಅಟ್ಟದ ಮೇಲಿನ ಕಬ್ಬಿಣ ತೂಕಕ್ಕೆ ಹೋಗುತ್ತದೆ, ಮರ ಒಲೆಗೆ ಹೋಗುತ್ತದೆ. ಸ್ವಲ್ಪ ಚೆಲುವಾಗಿರುವ ವಸ್ತು ಹಳೆಯ ಸಾಮಾನಿನ ವ್ಯಾಪಾರಿಯ ಕೈಸೇರಿ, ಯಾವುದೋ ವಸತಿಗೃಹದ ಗೋಡೆಯನ್ನು ಅಲಂಕರಿಸುತ್ತದೆ. ಅದರ ಕೆಳಗೆ ಒಂದು ಚೀಟಿ. ಚೀಟಿಯಲ್ಲಿ ವ್ಯಾಪಾರಿ ಹೇಳಿದ ಮಾತು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬಂತೆ, ಬಲ್ಲವರಿಲ್ಲದ ಕಡೆ ಊಹಿಸಿದವನೇ ಪಂಡಿತ. ಇನ್ನೊಂದು ತಲೆಮಾರು ಕಳೆದರೆ ಆ ಚೀಟಿಯೇ ಆಧಾರವೆನಿಸಿಕೊಳ್ಳುತ್ತದೆ.

ಮಾತು ಬರಿಯ ತತ್ತ್ವವಾಗಬಾರದೆಂದು ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. ಗಟ್ಟಿ ಮರದಲ್ಲಿ ಕಡೆದ ಒಂದು ಬಟ್ಟಲು, ಅಂಗೈಯಗಲದ ಬಾಯಿ, ತಳದಲ್ಲಿ ಸುತ್ತಲೂ ನಾಲ್ಕೋ ಆರೋ ತೂತುಗಳು. ಉದಕಮಂಡಲದ ಅಂಗಡಿಯಲ್ಲಿ ಇಂಥದು ಕಂಡರೆ ಒಬ್ಬರು ದೀಪದ ಕಂಬದ ತಲೆಯೆನ್ನುತ್ತಾರೆ, ಇನ್ನೊಬ್ಬರು ಜರಡಿಯೆನ್ನುತ್ತಾರೆ, ಮತ್ತೊಬ್ಬರು ಶಾವಿಗೆ ಒತ್ತುವ ಒರಳಿನ ಭಾಗವೆನ್ನುತ್ತಾರೆ. ಮೂರೂ ಮಾತು ಆಕಾರವನ್ನು ಮಾತ್ರ ನೋಡಿ ಆಡಿದವು. ಸವೆತವನ್ನು ನೋಡಿದರೆ ಮೂರೂ ಬಿದ್ದುಹೋಗುತ್ತವೆ. ದೀಪವಾಗಿದ್ದರೆ ಎಣ್ಣೆಯ ಕಲೆ, ಮಸಿ ಇರಬೇಕಿತ್ತು, ಇಲ್ಲ. ಜರಡಿಯಾಗಿದ್ದರೆ ತೂತುಗಳು ನೇರವಾಗಿರಬೇಕಿತ್ತು. ಇವು ಹೊರಮುಖವಾಗಿ ಓರೆಯಾಗಿವೆ, ಒಂದೊಂದರಲ್ಲೂ ಒಂದು ಕೊಳವೆ ಕೂರುವಷ್ಟು ಅಗಲವಾಗಿವೆ. ಹಿಟ್ಟು ಒತ್ತುವುದಾಗಿದ್ದರೆ ಮೇಲಿಂದ ಬಿದ್ದ ಭಾರದ ಗುರುತು ಇರಬೇಕಿತ್ತು, ಅದೂ ಇಲ್ಲ. ಒಳಮೈ ಮಾತ್ರ ಕನ್ನಡಿಯಂತೆ ನುಣುಪಾಗಿದೆ. ಸಣ್ಣ, ಒಣ, ಗಟ್ಟಿಯಾದ ಯಾವುದೋ ವಸ್ತು ಅಲ್ಲಿ ವರ್ಷಾನುವರ್ಷ ಜಾರಿಹೋಗಿದೆ ಎಂದು ಅದು ಸಾರಿ ಹೇಳುತ್ತದೆ. ಮೈಸೂರು ಸೀಮೆಯ ಬಯಲಿನ ರೈತನಿಗೆ ಇಷ್ಟು ವಿಚಾರಣೆಯೂ ಬೇಡ. ನೋಡಿದೊಡನೆ ‘ಇದು ಕೂರಿಗೆಯ ಬಟ್ಟಲಲ್ಲವೇ?’ ಎನ್ನುತ್ತಾನೆ. ಬಟ್ಟಲಿನ ತೂತುಗಳಿಂದ ಬಿದಿರ ಕೊಳವೆಗಳು ಕೆಳಗಿಳಿದು ಕೂರಿಗೆಯ ಹಲ್ಲುಗಳನ್ನು ಸೇರುತ್ತವೆ. ಎತ್ತು ಎಳೆಯುತ್ತಿದ್ದಂತೆ ಹಿಂದೆ ನಡೆದು ಬರುವವರು ಹಿಡಿಯಿಂದ ಬೀಜವನ್ನು ಸಮನಾಗಿ ಬಿಡುತ್ತಾರೆ. ಸಾಲು ಸಾಲಾಗಿ ಬೀಜ ನೆಲ ಸೇರುತ್ತದೆ.

ಈ ಒಂದು ಬಟ್ಟಲು ನಮಗೆ ಕಲಿಸುವ ಪಾಠಗಳು ಮೂರು. ಮೊದಲನೆಯದು, ಆಕಾರಕ್ಕಿಂತ ಸವೆತ ಹೆಚ್ಚು ಸತ್ಯ ಹೇಳುತ್ತದೆ. ಎರಡನೆಯದು, ಹತಾರವು ಸಿಕ್ಕಿದ ಸ್ಥಳವೇ ಅದು ದುಡಿದ ಸ್ಥಳವಾಗಿರಬೇಕಿಲ್ಲ. ಬಯಲಿನ ಕೂರಿಗೆ ಬೆಟ್ಟದ ಅಂಗಡಿಯಲ್ಲಿ ಕುಳಿತರೆ ಅದನ್ನು ಬೆಟ್ಟದ ಬೇಸಾಯದ ಲೆಕ್ಕಕ್ಕೆ ಬರೆಯಬಾರದು. ಮೂರನೆಯದು, ಒಡನಾಡಿಗಳಿಂದ ಬೇರೆಯಾದ ಹತಾರ ಅರ್ಧ ಮೂಕವಾಗುತ್ತದೆ. ನೊಗ, ಈಸು, ಹಲ್ಲು, ಕೊಳವೆ ಜೊತೆಗಿದ್ದರೆ ಬಟ್ಟಲನ್ನು ಯಾರೂ ದೀಪವೆನ್ನುತ್ತಿರಲಿಲ್ಲ. ಈ ಮೂರು ಒರೆಗಲ್ಲುಗಳ ಮೇಲೆ ಹಿಂದಿನವರ ಬರಹಗಳನ್ನು ಉಜ್ಜಿ ನೋಡೋಣ.

ಮೊದಲಿಗೆ ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನನ ಪತನಾನಂತರ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಈ ವೈದ್ಯನ ಪ್ರವಾಸ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ನಮ್ಮ ಬೆಟ್ಟದ ಬುಡದ ದಣ್ಣಾಯಕನ ಕೋಟೆಯವರೆಗೂ ಅವನು ಬಂದಿದ್ದನು. ಬುಕಾನನ್ ಇಲ್ಲಿನ ಬೇಸಾಯದ ಬಗ್ಗೆ ಹಲವೆಡೆ ಕಟುವಾಗಿ ಬರೆದಿದ್ದಾನೆ. ಆಳುವವರ ಕಣ್ಣು ಅವನದು, ತೆರಿಗೆ ಎಷ್ಟು ಬರಬಹುದೆಂಬ ಲೆಕ್ಕವೂ ಅದರೊಳಗಿದೆ. ಆದರೂ ಅವನು ಒಂದು ದೊಡ್ಡ ಉಪಕಾರ ಮಾಡಿದ್ದಾನೆ. ಕೂರಿಗೆ, ಕುಂಟೆ ಮೊದಲಾದ ಹತಾರಗಳನ್ನು ಇಲ್ಲಿಯ ಜನ ಕರೆಯುವ ಹೆಸರಿನಿಂದಲೇ ಕರೆದಿದ್ದಾನೆ. ಚಿತ್ರಗಳನ್ನು ಬರೆಯಿಸಿ ಸೇರಿಸಿದ್ದಾನೆ. ಯಾವ ಬೆಳೆಗೆ, ಯಾವ ಹಂತದಲ್ಲಿ ಯಾವುದನ್ನು ಬಳಸುತ್ತಾರೆಂದು ಹೇಳಿದ್ದಾನೆ. ಅವನ ಕಿವಿಗೆ ಬಿದ್ದಂತೆ ಬರೆದ ಇಂಗ್ಲಿಷ್ ಕಾಗುಣಿತ ನಮಗೆ ನಗೆ ತರಿಸಬಹುದು. ಆದರೆ ಹೆಸರು, ಚಿತ್ರ, ಕೆಲಸ ಈ ಮೂರೂ ಒಟ್ಟಿಗಿರುವುದರಿಂದ ಇನ್ನೂರು ವರ್ಷಗಳ ಮೇಲೂ ನಾವು ಅವನ ಮಾತನ್ನು ಪರೀಕ್ಷಿಸಬಲ್ಲೆವು, ತಿದ್ದಬಲ್ಲೆವು. ಬರೆದವನ ಅಭಿಪ್ರಾಯ ಹಳಸಿದರೂ ಅವನು ಕೊಟ್ಟ ಸಾಮಗ್ರಿ ಹಳಸಿಲ್ಲ. ಅವನಲ್ಲಿ ಕೊರತೆಯೆಂದರೆ, ಆ ಹೆಸರುಗಳನ್ನು ಹೇಳಿಕೊಟ್ಟ ರೈತರು ಯಾರೆಂಬುದು ಪುಟಗಳಲ್ಲಿ ಮಸುಕಾಗಿ ಹೋಗಿರುವುದು. ಹತಾರಕ್ಕೆ ಹೆಸರು ಉಳಿಯಿತು. ಹಿಡಿದ ಕೈಗೆ ಉಳಿಯಲಿಲ್ಲ.

ಬುಕಾನನ್ ಕಂಡ ಹತಾರಗಳು ಅವನ ಕಣ್ಣೆದುರೇ ದುಡಿಯುತ್ತಿದ್ದವು. ದುಡಿಮೆ ನಿಂತು ಶತಮಾನಗಳಾದ ಹತಾರ ಸಿಕ್ಕರೆ ಏನು ಮಾಡಬೇಕು? ಆ ಪ್ರಶ್ನೆಗೆ ನಮ್ಮ ನೀಲಗಿರಿಯೇ ಪರೀಕ್ಷಾ ಭೂಮಿಯಾಯಿತು. ಇಲ್ಲಿನ ಬೆಟ್ಟಗಳ ನೆತ್ತಿಯಲ್ಲಿ ಕಲ್ಲುಗಳನ್ನು ದುಂಡಗೆ ಪೇರಿಸಿ ಕಟ್ಟಿದ ಪ್ರಾಚೀನ ಸಮಾಧಿಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ ಆಂಗ್ಲ ಅಧಿಕಾರಿಗಳು ಅವುಗಳನ್ನು ಅಗೆದರು. ಮುಚ್ಚಳದ ಮೇಲೆ ಎಮ್ಮೆ ಮೊದಲಾದ ಪ್ರಾಣಿಗಳ ಗೊಂಬೆಗಳಿರುವ ಮಣ್ಣಿನ ಪಾತ್ರೆಗಳು, ಕಂಚಿನ ಬಟ್ಟಲುಗಳು, ಮಣಿಗಳು, ಚಿನ್ನದ ಒಡವೆಗಳು, ಇವುಗಳ ಜೊತೆಗೆ ಈಟಿಯ ಮೊನೆ, ಚೂರಿ, ಕುಡುಗೋಲು ಮೊದಲಾದ ಕಬ್ಬಿಣದ ಹತಾರಗಳು ಹೊರಬಂದವು. ಕಟ್ಟಿದವರು ಯಾರು, ಈ ಹತಾರಗಳಿಂದ ಏನು ಮಾಡುತ್ತಿದ್ದರು ಎಂದು ಹೇಳಲು ಯಾರೂ ಉಳಿದಿರಲಿಲ್ಲ.

ಕ್ಯಾಪ್ಟನ್ ಹೆನ್ರಿ ಕಾಂಗ್ರೀವ್ ಎಂಬವನು 1847ರಲ್ಲಿ ಮದರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಈ ಸಮಾಧಿಗಳ ವಿಚಾರವಾಗಿ ದೀರ್ಘವಾಗಿ ಬರೆದನು. ತೋಡರು ಮಧ್ಯ ಏಷ್ಯಾದ ಸಿಥಿಯನ್ನರ ವಂಶದವರು, ಈ ಸಮಾಧಿಗಳು ಅವರವೇ ಎಂಬುದು ಅವನ ವಾದ. ಆ ಲೇಖನದ ದೋಷ ಎಲ್ಲಿದೆಯೆಂದರೆ, ವಾದವು ವಸ್ತುಗಳಿಗಿಂತ ಮೊದಲೇ ಹುಟ್ಟಿದೆ. ಸಿಥಿಯನ್ನರ ಬಗ್ಗೆ ಪುಸ್ತಕದಲ್ಲಿ ಓದಿದ್ದನ್ನು ಕೈಯಲ್ಲಿ ಹಿಡಿದುಕೊಂಡು, ಅದಕ್ಕೆ ಒಪ್ಪುವ ವಸ್ತುವನ್ನು ನೆಲದಲ್ಲಿ ಹುಡುಕಿದಂತೆ ಕಾಣುತ್ತದೆ. ಹೋಲಿಕೆಯನ್ನು ಹುಡುಕುತ್ತಾ ಹೊರಟವನಿಗೆ ಹೋಲಿಕೆ ಸಿಕ್ಕೇ ಸಿಗುತ್ತದೆ. ಬಟ್ಟಲು ಎಲ್ಲಿಯೂ ಬಟ್ಟಲೇ, ಈಟಿ ಎಲ್ಲಿಯೂ ಈಟಿಯೇ.

ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಇದಕ್ಕಿಂತ ಎಚ್ಚರದ ಮನುಷ್ಯ. ನೀಲಗಿರಿಯ ಮೊದಲ ಕಮಿಷನರಾಗಿದ್ದ ಅವನಿಗೆ 1871ರಲ್ಲಿ ಒಂದು ಕೆಲಸ ಬಂತು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಇಲ್ಲಿನ ಜನಗಳ ಆಯುಧ, ಒಡವೆ, ಉಡುಪು, ಗೃಹೋಪಕರಣ, ಬೇಸಾಯದ ಹತಾರಗಳನ್ನು ಸಂಗ್ರಹಿಸಿಕೊಡಬೇಕೆಂದು ಬಯಸಿತ್ತು. ಅವನು 1872ರಲ್ಲಿ ತೀರಿಕೊಂಡನು. ಗ್ರಂಥವು ಅವನ ಪತ್ನಿಯ ಕೈಯಿಂದ ಸಿದ್ಧವಾಗಿ 1873ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಉದಕಮಂಡಲದ ಬ್ರೀಕ್ಸ್ ಶಾಲೆಯ ಹೆಸರಿನಲ್ಲಿ ಅವನ ನೆನಪು ಇಂದಿಗೂ ಉಳಿದಿದೆ. ಅವನ ಗ್ರಂಥದ ಹೆಚ್ಚುಗಾರಿಕೆಯೆಂದರೆ, ಅಗೆದು ತೆಗೆದ ವಸ್ತುಗಳ ಪಕ್ಕದಲ್ಲೇ ಬದುಕಿರುವ ಜನಗಳ ವಸ್ತುಗಳನ್ನೂ ಇಟ್ಟಿರುವುದು. ತೋಡರು, ಕೋತರು, ಕುರುಂಬರು, ಇರುಳರು ಅಂದು ಏನನ್ನು ಬಳಸುತ್ತಿದ್ದರೆಂಬ ವಿವರ ಒಂದು ಕಡೆ. ಸಮಾಧಿಯಲ್ಲಿ ಸಿಕ್ಕಿದ್ದು ಇನ್ನೊಂದು ಕಡೆ. ಓದುಗನು ತಾನೇ ತೂಗಿ ನೋಡಬಹುದು. ಇದು ಸಜ್ಜನ ವಿಮರ್ಶಕನ ಕ್ರಮ.

ಆದರೆ ಅವನು ಪಟ್ಟಿಮಾಡಿದ ಒಂದು ಕುಡುಗೋಲಿನ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಸಮಾಧಿಯಲ್ಲಿ ಕುಡುಗೋಲು ಸಿಕ್ಕಿತೆಂದ ಮಾತ್ರಕ್ಕೆ ‘ಇವರು ಬೇಸಾಯಗಾರರು, ಆದುದರಿಂದ ದನ ಎಮ್ಮೆ ಸಾಕುವ ಜನರಲ್ಲ’ ಎಂದು ತೀರ್ಮಾನಿಸುವುದು ಸುಲಭ. ಕುಡುಗೋಲು ತೆನೆಯನ್ನು ಮಾತ್ರ ಕೊಯ್ಯುವುದೇ? ಹುಲ್ಲನ್ನೂ ಕೊಯ್ಯುತ್ತದೆ. ಹುಲ್ಲಿನ ಸೂರು ಹೊದಿಸುವ ಯಾವ ಜನಕ್ಕೂ ಬಾಗಿದ ಅಲಗು ಬೇಕು. ಒಂದು ಧಾನ್ಯದ ಕಾಳನ್ನೂ ಬಿತ್ತದಿದ್ದರೂ ಬೇಕು. ಅಲ್ಲದೆ ಸಮಾಧಿಯಲ್ಲಿಟ್ಟ ಹತಾರವು ಸತ್ತವನು ಬಳಸಿದ್ದೇ ಆಗಿರಬೇಕೆಂಬ ನಿಯಮವಿಲ್ಲ. ಕಾಣಿಕೆಯಾಗಿ ಬಂದಿರಬಹುದು, ನೆರೆಯ ಜನರಿಂದ ಪಡೆದದ್ದಿರಬಹುದು. ಅಲಗಿನ ಬಾಗು, ಹಿಡಿಯ ಉದ್ದ, ಬಾಯಿಯ ಸವೆತ ಇವುಗಳನ್ನೆಲ್ಲ ಅಳೆದ ಮೇಲೆಯೂ ‘ಕೊಯ್ಯುವ ಹತಾರ’ ಎನ್ನುವವರೆಗೆ ಮಾತ್ರ ನಮಗೆ ಅಧಿಕಾರವುಂಟು. ಅದಕ್ಕೆ ಮುಂದಿನದು ಊಹೆ. ಊಹೆಯ ಎಲ್ಲೆಯನ್ನು ಇಲ್ಲಿಯೇ ಗೆರೆಯೆಳೆದು ತೋರಿಸಬೇಕು.

ಆಕಾರವನ್ನು ನಂಬಿದರೆ ಎಷ್ಟು ಮೋಸಹೋಗಬಹುದೆಂಬುದಕ್ಕೆ ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ತೋಡರ ಕುರಿತ ಗ್ರಂಥದಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ತೋಡರ ಹಾಲುಮನೆಯ ಪಾತ್ರೆಗಳು, ಕಡೆಗೋಲುಗಳ ವಿಚಾರವನ್ನು ಅವರು ಸವಿಸ್ತಾರವಾಗಿ ಬರೆದಿದ್ದಾರೆ. ಅಲ್ಲಿ ಪಾತ್ರೆಗಳಲ್ಲಿ ಎರಡು ವರ್ಗ. ಎಮ್ಮೆಗೂ ಹಾಲಿಗೂ ನೇರವಾಗಿ ಸೋಕುವ ಪಾತ್ರೆಗಳು ಹೆಚ್ಚು ಮಡಿಯವು. ಬೆಣ್ಣೆ ಮಜ್ಜಿಗೆಗಳನ್ನು ಪಡೆದು ಹೊರಗಿನ ಲೋಕಕ್ಕೆ ಸೋಕುವ ಪಾತ್ರೆಗಳು ಕಡಿಮೆ ಮಡಿಯವು. ಒಂದರಿಂದ ಇನ್ನೊಂದಕ್ಕೆ ನೇರವಾಗಿ ಸುರಿಯಬಾರದೆಂದು ನಡುವೆ ಮತ್ತೊಂದು ಪಾತ್ರೆ. ಆ ನಡುವಿನ ಪಾತ್ರೆಯನ್ನು ನೂರು ವರ್ಷಗಳ ಬಳಿಕ ಕಪಾಟಿನಲ್ಲಿ ಕಂಡವನು ಏನೆನ್ನುತ್ತಾನೆ? ‘ಚಿಕ್ಕ ಪಾತ್ರೆ’ ಎನ್ನುತ್ತಾನೆ. ಅದರ ಕೆಲಸ ಅಳೆಯುವುದಲ್ಲ, ತುಂಬಿಡುವುದೂ ಅಲ್ಲ. ಎರಡು ಲೋಕಗಳನ್ನು ಬೇರೆಯಾಗಿಡುವುದು. ಆ ಕೆಲಸದ ಗುರುತು ಅದರ ಮೈಮೇಲೆ ಎಲ್ಲಿಯೂ ಇಲ್ಲ. ತೋಡರು ಹೇಳಿದ್ದರಿಂದ ತಿಳಿಯಿತು, ರಿವರ್ಸ್ ಕೇಳಿದ್ದರಿಂದ ಉಳಿಯಿತು. ಬಡಗರ ಹಳೆಯ ಮನೆಗಳಲ್ಲಿ ಹಾಲು ಮೊಸರಿಗೆಂದೇ ಇದ್ದ ‘ಹಾಗೊಟ್ಟು’ ಎಂಬ ಒಳಕೋಣೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು.

ಹೊರಗಿನ ಜಗತ್ತಿನಲ್ಲಿಯೂ ಇದೇ ಕಥೆ. ಯೂರೋಪಿನ ಹಿಮಯುಗದ ನೆಲೆಗಳಲ್ಲಿ ಹಿಮಸಾರಂಗದ ಕೊಂಬಿನಿಂದ ಮಾಡಿದ, ತೂತುಳ್ಳ ಕೋಲುಗಳು ಸಿಕ್ಕಿದಾಗ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸರು ಅವುಗಳನ್ನು ‘ಅಧಿಕಾರದಂಡ’ವೆಂದು ಕರೆದರು. ದಂಡ ಹಿಡಿದ ಸೇನಾಪತಿಗಳನ್ನು ಕಂಡ ಕಣ್ಣಿಗೆ ದಂಡವೇ ಕಂಡಿತು! ಈಟಿಯ ಕೋಲನ್ನು ನೆಟ್ಟಗೆ ಮಾಡುವುದಕ್ಕೋ, ಹಗ್ಗದ ಕೆಲಸಕ್ಕೋ ಇರಬಹುದೆಂಬ ವಾದಗಳು ಆಮೇಲೆ ಬಂದವು. ಇಂದು ವಿದ್ವಾಂಸರು ಎಚ್ಚರದಿಂದ ‘ತೂತುಳ್ಳ ಕೋಲು’ ಎಂದಷ್ಟೇ ಬರೆಯುತ್ತಾರೆ. 2015ರಲ್ಲಿ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಮ್ಯಾಮತ್ ದಂತದಿಂದ ಮಾಡಿದ, ನಾಲ್ಕು ತೂತುಗಳ, ಸುಮಾರು 20 ಸೆಂಟಿಮೀಟರ್ ಉದ್ದದ ಪಟ್ಟಿಯೊಂದು ದೊರೆಯಿತು. ಅದು 35,000 ವರ್ಷಗಳಿಗೂ ಹಳೆಯದು. ತೂತುಗಳ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿದ್ದವು. ಅಂಥ ವಸ್ತುಗಳನ್ನು ಹಿಂದೆ ಕಲಾಕೃತಿಯೆಂದೂ ವಾದ್ಯವೆಂದೂ ಊಹಿಸಿದ್ದುಂಟು. ಬೆಲ್ಜಿಯಂನ ಲಿಯೆಜ್ ವಿಶ್ವವಿದ್ಯಾಲಯದ ಸಂಶೋಧಕರು ನಾರನ್ನು ತೂತುಗಳಲ್ಲಿ ಹಾಯಿಸಿ ಹೊಸೆದು ನೋಡಿದರು. ಗಟ್ಟಿಯಾದ ಹಗ್ಗ ಬಂತು. ಹತಾರವನ್ನು ಅರಿಯಲು ಹತಾರದಿಂದ ಕೆಲಸ ಮಾಡಿ ನೋಡಬೇಕೆಂಬ ಈ ಕ್ರಮಕ್ಕೂ, ಸವೆತವನ್ನು ಸೂಕ್ಷ್ಮದರ್ಶಕದಲ್ಲಿ ಓದುವ ಕ್ರಮಕ್ಕೂ ಭದ್ರವಾದ ಬುನಾದಿ ಹಾಕಿದವರು ರಷ್ಯದ ಸೆರ್ಗೇಯ್ ಸೆಮ್ಯೋನೊವ್. ಅವರ ಗ್ರಂಥ 1957ರಲ್ಲಿ ಹೊರಬಂದಿತು. ನಮ್ಮ ರೈತ ಕೂರಿಗೆಯ ಬಟ್ಟಲಿನ ಒಳಮೈಯನ್ನು ಬೆರಳಿನಿಂದ ಸವರಿ ಹೇಳುವ ಮಾತು ಅದೇ ಶಾಸ್ತ್ರದ ಮನೆಮಾತು.

ಇನ್ನು ನಿಘಂಟುಗಳ ಕಡೆಗೆ ಬರೋಣ. ಕೆತ್ತಿಗೂ ಕನ್ನಡ ನಿಘಂಟಿನ ಪರಂಪರೆಗೂ ಒಂದು ನಂಟುಂಟು. ಬಾಸೆಲ್ ಮಿಷನ್ ಇಲ್ಲಿ 1846ರಲ್ಲಿ ನೆಲೆಯೂರಿತು. ಅದೇ ಮಿಷನ್ನಿನ ಮಂಗಳೂರು ಮುದ್ರಣಾಲಯದಿಂದ 1894ರಲ್ಲಿ ಫರ್ಡಿನೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಹತಾರಗಳನ್ನು ಗುರುತಿಸಬಯಸುವವನಿಗೆ ನಿಘಂಟು ಒಂದು ಮುಚ್ಚಿದ ವಸ್ತುಸಂಗ್ರಹಾಲಯ. ‘ಅಣಸು’ ಎಂಬ ಮಾತನ್ನು ತೆಗೆದುಕೊಳ್ಳಿ. ಒನಕೆಯ ತುದಿ ಸೀಳದಂತೆ ತೊಡಿಸಿದ ಕಬ್ಬಿಣದ ಬಳೆಗೆ ಆ ಹೆಸರು. ಒನಕೆಯ ಮರ ಗೆದ್ದಲು ತಿಂದು ಹೋಗಿ ಅಣಸು ಮಾತ್ರ ಉಳಿದರೆ, ಅದನ್ನು ಕೈಬಳೆಯೆಂದೋ ಕಾಲ್ಗಡಗವೆಂದೋ ಹೇಳುವವರು ಹೇರಳವಾಗಿ ಸಿಗುತ್ತಾರೆ. ಅಣಸು ಎಂಬ ಮಾತು ಗೊತ್ತಿದ್ದವನು ಮಾತ್ರ ಬಳೆಯ ಕೆಳಗಂಚು ಬಡಿತಕ್ಕೆ ಮಡಿಚಿಕೊಂಡಿದೆಯೇ ಎಂದು ನೋಡುತ್ತಾನೆ. ಶಬ್ದವು ಕಣ್ಣಿಗೆ ಎಲ್ಲಿ ನೋಡಬೇಕೆಂದು ಕಲಿಸುತ್ತದೆ. ಕಿಟೆಲ್ಲರು ಶಬ್ದಗಳ ಜೊತೆಗೆ ಗಾದೆಗಳನ್ನೂ ಪ್ರಯೋಗಗಳನ್ನೂ ಕೊಟ್ಟಿರುವುದರಿಂದ ಹತಾರದ ಹಿಂದಿರುವ ಮನೆಮಂದಿಯೂ ಅಲ್ಲಲ್ಲಿ ಇಣುಕುತ್ತಾರೆ.

ನಿಘಂಟಿಗೂ ತನ್ನದೇ ಆದ ದೋಷವಿದೆ. ಅಕಾರಾದಿ ಕ್ರಮವು ಹತಾರಗಳ ಸಂಸಾರವನ್ನು ಒಡೆದುಹಾಕುತ್ತದೆ. ಒನಕೆಯಿರುವುದು ‘ಒ’ ಅಕ್ಷರದಲ್ಲಿ, ಅದರ ಅಣಸು ‘ಅ’ ಅಕ್ಷರದಲ್ಲಿ. ಮೇಳಿ ಒಂದು ಮೂಲೆ, ಈಸು ಇನ್ನೊಂದು ಮೂಲೆ, ಕುಳ ಮತ್ತೊಂದು ಮೂಲೆ. ಮೂರೂ ಸೇರಿದರೆ ನೇಗಿಲು ಎಂಬುದು ಮೊದಲೇ ಬಲ್ಲವನಿಗೆ ಮಾತ್ರ ತಿಳಿಯುತ್ತದೆ. ಹೆಸರು ಗೊತ್ತಿದ್ದರೆ ವಸ್ತುವನ್ನು ಹುಡುಕಬಹುದು. ವಸ್ತು ಕೈಯಲ್ಲಿದ್ದು ಹೆಸರು ಗೊತ್ತಿಲ್ಲದವನಿಗೆ ನಿಘಂಟು ಬಾಗಿಲು ತೆರೆಯುವುದಿಲ್ಲ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ-ರೈಶೂರ್ ಅವರ ಬಡಗ–ಇಂಗ್ಲಿಷ್ ನಿಘಂಟು 1992ರಲ್ಲಿ ಪ್ರಕಟವಾದದ್ದು ನಮ್ಮ ಸೀಮೆಯ ಮಟ್ಟಿಗೆ ದೊಡ್ಡ ಸಂಗತಿ. ಅದನ್ನು ಹಟ್ಟಿಯ ಹಿರಿಯರ ಮುಂದೆ ತೆರೆದಿಟ್ಟು, ಮಾತಿಗೆ ವಸ್ತುವನ್ನು ಜೋಡಿಸುವ ಕೆಲಸ ನಮ್ಮದು.

ಇದರಲ್ಲಿ ಇನ್ನೊಂದು ತೊಡಕು ನೀಲಗಿರಿಗೇ ವಿಶೇಷವಾದದ್ದು. ಇಲ್ಲಿ ಹತಾರವನ್ನು ಮಾಡಿದ ಕೈ ಒಂದು, ಬಳಸಿದ ಕೈ ಇನ್ನೊಂದು. ಕಮ್ಮಾರಿಕೆ, ಬಡಗಿತನ, ಕುಂಬಾರಿಕೆ ಕೋತರ ಕಸುಬು. ಅವರು ಮಾಡಿದ ಕಬ್ಬಿಣದ ಹತಾರಗಳನ್ನು ಬಡಗರು ಬಳಸಿದರು, ಪ್ರತಿಯಾಗಿ ಧಾನ್ಯ ಕೊಟ್ಟರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕೊಡುಕೊಳ್ಳುವ ಪದ್ಧತಿ ಸಡಿಲಗೊಂಡು, ಪೇಟೆಯ ಹತಾರಗಳು ಬಂದವು. ಆದುದರಿಂದ ಹಳೆಯ ಗುದ್ದಲಿಯೊಂದಕ್ಕೆ ಕುಲುಮೆಯಲ್ಲಿ ಒಂದು ಹೆಸರು, ಹೊಲದಲ್ಲಿ ಒಂದು ಹೆಸರು ಇರಬಹುದು. ಮಾಡಿದವನು ಅದರ ಬೆಸುಗೆಯನ್ನು ಬಲ್ಲ, ಹಿಡಿದವಳು ಅದರ ಭಾರವನ್ನು ಬಲ್ಲಳು. ‘ಬಡಗರ ಹತಾರ’ ಎಂದೋ ‘ಕೋತರ ಹತಾರ’ ಎಂದೋ ಒಂದೇ ಚೀಟಿ ಅಂಟಿಸಿದರೆ ಅರ್ಧ ಸತ್ಯವನ್ನು ಅಳಿಸಿದಂತಾಗುತ್ತದೆ. ಇಬ್ಬರನ್ನೂ ಕೇಳಬೇಕು.

ಇಷ್ಟು ಹೊತ್ತು ಹೊರಗಿನಿಂದ ನೋಡಿ ಬರೆದವರ ಮಾತಾಯಿತು. ಹತಾರ ಹಿಡಿದ ಕೈಯೇ ಲೇಖನಿ ಹಿಡಿದ ಉದಾಹರಣೆ ಜಗತ್ತಿನ ಸಾಹಿತ್ಯದಲ್ಲಿ ವಿರಳ, ಕನ್ನಡದಲ್ಲಿ ಉಂಟು. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳೇ ಹತಾರಗಳ ಪಟ್ಟಿಯಂತಿವೆ. ಬಾಚಿಕಾಯಕದ ಬಸವಣ್ಣ, ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಒಕ್ಕಲಿಗ ಮುದ್ದಣ್ಣ, ಅಂಬಿಗರ ಚೌಡಯ್ಯ ಇವರೆಲ್ಲ ಕಾಯಕದಿಂದ ಹೆಸರು ಪಡೆದವರು. ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನು ಒಂದೊಂದಾಗಿ ಹೆಸರಿಸಿ, ಅವುಗಳಿಗೆ ದೇವತೆಗಳನ್ನು ಹೊಂದಿಸಿ ವಚನ ಕಟ್ಟಿದ್ದಾಳೆ. ರಾಟೆಯನ್ನು ನೋಡಿದವರಿಗೆ ಆ ವಚನದ ಚಲನೆ, ಅದರ ಸೊಗಸು, ಅದರ ಎದೆಗಾರಿಕೆ ತಟ್ಟನೆ ತಿಳಿಯುತ್ತವೆ. ನೋಡದವರಿಗೆ ಅದು ಬರಿಯ ಒಗಟು. ಅಡಿಟಿಪ್ಪಣಿಯ ಊರುಗೋಲಿಲ್ಲದೆ ಒಂದು ಹೆಜ್ಜೆಯೂ ಸಾಗದು.

ಈ ವಿಷಯದಲ್ಲಿ ನಾವು ನಿಜವಾಗಿ ಕಳೆದುಕೊಳ್ಳುವುದು ಇಲ್ಲಿಯೇ. ಹತಾರ ಹೋದರೆ ಹಳೆಯ ಕಬ್ಬಿಣ ಹೋಯಿತೆಂದು ತಿಳಿಯುತ್ತೇವೆ. ಹತಾರದ ಜೊತೆಗೆ ನಮ್ಮ ಸಾಹಿತ್ಯವನ್ನು ಓದುವ ಶಕ್ತಿಯ ಒಂದು ಪಾಲೂ ಹೋಗುತ್ತದೆ. ಬಾಚಿಯನ್ನು ಕಾಣದ ಮಗುವಿಗೆ ಬಾಚಿಕಾಯಕದ ಬಸವಣ್ಣನ ಹೆಸರು ಬರಿಯ ಸದ್ದು. ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ನಾನು ಹಲವು ಸಲ ಕಂಡದ್ದಿದು: ವಚನದ ತಾತ್ಪರ್ಯವನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಒನಕೆಯನ್ನೋ ಬೀಸುವ ಕಲ್ಲನ್ನೋ ತರಗತಿಗೆ ತಂದಿಟ್ಟ ದಿನ ಮಾತ್ರ ಪ್ರಶ್ನೆ ಕೇಳುತ್ತಾರೆ.

ಕೊನೆಯದಾಗಿ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’. 1968ರಲ್ಲಿ ಪ್ರಕಟವಾಗಿ, 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟ ಈ ಕಾದಂಬರಿಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮೊಮ್ಮಗ ಸುಬ್ಬರಾಯನು ತರುವ ಹಳೆಯ ವಸ್ತುಗಳನ್ನು ಮೂಕಜ್ಜಿ ಕೈಯಲ್ಲಿ ಹಿಡಿದಾಗ ಅವಳ ಕಣ್ಣಿಗೆ ಗತಕಾಲದ ದೃಶ್ಯಗಳು ಕಟ್ಟುತ್ತವೆ. ಪುರಾತತ್ತ್ವದ ಪಟ್ಟಿಯಲ್ಲಿ ವಸ್ತುವಿಗೆ ಉದ್ದ, ಅಗಲ, ತೂಕ ಮಾತ್ರ. ಅಜ್ಜಿಯ ಅಂಗೈಯಲ್ಲಿ ಅದಕ್ಕೆ ಹಸಿವು, ಭಯ, ಭಕ್ತಿ ಎಲ್ಲವೂ ಉಂಟು. ಬ್ರೀಕ್ಸನ ಪುಟಗಳಲ್ಲಿ ನಾವು ಕಾಣದಿರುವುದನ್ನು, ಅಂದರೆ ಹತಾರವನ್ನು ಹಿಡಿದಿದ್ದ ಮನುಷ್ಯನನ್ನು, ಕಾರಂತರು ಮರಳಿ ತರುತ್ತಾರೆ. ಇದು ಕಾದಂಬರಿಯ ಹಿರಿಮೆ.

ಆದರೆ ಅಜ್ಜಿಯ ದರ್ಶನವನ್ನು ನಾವು ಕ್ರಮವೆಂದು ಭಾವಿಸಬಾರದು. ಕಾದಂಬರಿಗೆ ಆ ಸ್ವಾತಂತ್ರ್ಯವಿದೆ. ಅವಳ ದೃಶ್ಯಕ್ಕೆ ಎದುರುಸಾಕ್ಷಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಏಕೆಂದರೆ ಕಾರಂತರ ಲಕ್ಷ್ಯವಿರುವುದು ಮನುಷ್ಯನ ನಂಬಿಕೆಗಳು ಬೆಳೆದು ಬಂದ ಬಗೆಯ ಮೇಲೆ. ಅಂಗಡಿಯ ವ್ಯಾಪಾರಿಯೂ ವಸತಿಗೃಹದ ಚೀಟಿ ಬರೆಯುವವನೂ ಮೂಕಜ್ಜಿಯಂತೆ ಮಾತನಾಡತೊಡಗಿದರೆ ಅದು ಕಾದಂಬರಿಯಲ್ಲ, ಬರಿಯ ಕಟ್ಟುಕತೆ. ಅಜ್ಜಿಯಿಂದ ನಾವು ಕಲಿಯಬೇಕಾದದ್ದು ಅವಳ ಉತ್ತರವನ್ನಲ್ಲ, ಅವಳ ಮೊದಲ ನಡೆಯನ್ನು. ಅವಳು ವಸ್ತುವನ್ನು ದೂರದಿಂದ ನೋಡುವುದಿಲ್ಲ, ಕೈಯಲ್ಲಿ ಹಿಡಿಯುತ್ತಾಳೆ. ಹತಾರವು ಕಣ್ಣಿಗಾಗಿ ಹುಟ್ಟಿದ್ದಲ್ಲ, ಕೈಗಾಗಿ ಹುಟ್ಟಿದ್ದು. ಹಿಡಿ ಎಡಗೈಗೆ ಒಪ್ಪುವುದೋ ಬಲಗೈಗೋ, ಭಾರ ಮುಂದಿದೆಯೋ ಹಿಂದಿದೆಯೋ, ಎಳೆಯಬೇಕೆನಿಸುವುದೋ ತಳ್ಳಬೇಕೆನಿಸುವುದೋ ಎಂಬುದನ್ನು ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಯಾರೂ ಹೇಳಲಾರರು.

ಈ ಎಲ್ಲ ಗ್ರಂಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಾರತಮ್ಯ ಸ್ಪಷ್ಟವಾಗುತ್ತದೆ. ಹೆಸರನ್ನು ಕೇಳಿ ಬರೆದವರ ಬರಹ ಬಾಳಿದೆ. ಬುಕಾನನ್, ರಿವರ್ಸ್, ಕಿಟೆಲ್ ಈ ಸಾಲಿನವರು. ಹೋಲಿಸಿ ಇಟ್ಟು ತೀರ್ಮಾನವನ್ನು ಓದುಗನಿಗೆ ಬಿಟ್ಟವನ ಬರಹವೂ ಉಪಯೋಗಕ್ಕೆ ಬರುತ್ತಿದೆ, ಅವನು ಬ್ರೀಕ್ಸ್. ವಾದವನ್ನು ಮೊದಲು ಕಟ್ಟಿಕೊಂಡು ವಸ್ತುವನ್ನು ಅದಕ್ಕೆ ಒಗ್ಗಿಸಿದವನ ಬರಹ ಇಂದು ಕುತೂಹಲಕ್ಕೆ ಮಾತ್ರ, ಅವನು ಕಾಂಗ್ರೀವ್. ಹಿಡಿದ ಕೈಯೇ ಬರೆದ ರೆಮ್ಮವ್ವೆಯ ಮುಂದೆ ಇವರೆಲ್ಲರೂ ಒಂದು ಮೆಟ್ಟಿಲು ಕೆಳಗೆ. ಅವಳ ರಾಟೆಯ ವಿಚಾರದಲ್ಲಿ ಊಹೆಯ ಪ್ರಸಕ್ತಿಯೇ ಇಲ್ಲ.

ಇಷ್ಟಾಗಿ, ಕೆತ್ತಿಯವರಾದ ನಾವು ಹತಾರಗಳ ಲೋಕಕ್ಕೆ ಹೊಸಬರೇನೂ ಅಲ್ಲ. ನಮ್ಮ ಊರಿನ ಸೂಜಿ ಕಾರ್ಖಾನೆ 1949ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಂದ ಹೊರಟ ಸೂಜಿ ದೂರದೂರದ ಮನೆಗಳಲ್ಲಿ ಬಟ್ಟೆ ಹೊಲಿಯುತ್ತಿದೆ. ಸೂಜಿಯನ್ನು ಗುರುತಿಸದ ಮಗು ಇಲ್ಲ. ಆದರೆ ಗೋಣಿಚೀಲ ಹೊಲಿಯುವ ದಬ್ಬಣವನ್ನು ತೋರಿಸಿ ಕೇಳಿ ನೋಡಿ. ಅರ್ಧದಷ್ಟು ಮಕ್ಕಳು ಸುಮ್ಮನಾಗುತ್ತಾರೆ. ಉಣ್ಣೆ ಹೆಣೆಯುವ ಕೊಕ್ಕೆಕಡ್ಡಿಯೊಂದು ಇನ್ನೂರು ವರ್ಷಗಳ ಮೇಲೆ ನೆಲದಲ್ಲಿ ಸಿಕ್ಕರೆ ಅಂದಿನ ಪಂಡಿತರು ಅದನ್ನು ಮೀನಿನ ಗಾಳವೆನ್ನಬಹುದು, ವೈದ್ಯನ ಶಲಾಕೆಯೆನ್ನಬಹುದು, ಯಾವುದೋ ಪೂಜೆಯ ಸಾಮಗ್ರಿಯೆನ್ನಬಹುದು. ಅದು ಮೊಮ್ಮಗುವಿನ ಟೋಪಿ ಹೆಣೆದ ಕಡ್ಡಿಯೆಂದು ಹೇಳಲು ಒಂದು ಸಾಲು ಬರಹ ಸಾಕಾಗಿತ್ತು.

ಮೈಸೂರು ವಿಶ್ವವಿದ್ಯಾಲಯದ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನೂ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನೂ, ನಮ್ಮ ಮುತ್ತೊರೈ ಪಾಲಡದ ಬುಡಕಟ್ಟು ಸಂಶೋಧನಾ ಕೇಂದ್ರವನ್ನೂ ನೋಡಿದವರಿಗೆ ಸಂಗ್ರಹದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಪ್ರತಿ ಮನೆಯ ಅಟ್ಟವನ್ನೂ ಯಾವ ಸಂಸ್ಥೆಯೂ ಹತ್ತಲಾರದು. ಆ ಕೆಲಸಕ್ಕೆ ಸಂಘದ ಮನೆಮನೆಯ ಸದಸ್ಯರೇ ಆಗಬೇಕು. ಒಂದು ದಪ್ಪ ನೋಟ್‌ಪುಸ್ತಕ ಸಾಕು. ಹತಾರದ ಚಿತ್ರವನ್ನು ಬರೆದೋ ಫೋಟೋ ಅಂಟಿಸಿಯೋ, ಪಕ್ಕದಲ್ಲಿ ಅಜ್ಜ ಅಜ್ಜಿಯರು ಅದನ್ನು ಕರೆಯುವ ಹೆಸರನ್ನು ಅವರ ಬಾಯಿಯ ಉಚ್ಚಾರಣೆಯಲ್ಲೇ ಬರೆಯಬೇಕು. ಕನ್ನಡವಾದರೆ ಕನ್ನಡ, ಬಡಗವಾದರೆ ಬಡಗ, ತಮಿಳಾದರೆ ತಮಿಳು. ಯಾರು ಮಾಡಿದರು, ಯಾರು ಹಿಡಿದರು, ಯಾವ ತಿಂಗಳಲ್ಲಿ ಯಾವ ಕೆಲಸಕ್ಕೆ ಎಂಬುದನ್ನು ಕೇಳಿ ಬರೆಯಬೇಕು. ಎಲ್ಲಿ ಸವೆದಿದೆ, ಜೊತೆಗೆ ಏನೇನಿತ್ತು, ಯಾವ ಊರಿನಿಂದ ಬಂತು ಎಂಬುದನ್ನು ಸೇರಿಸಬೇಕು. ಬಲ್ಲವರು ಸಿಗದಿದ್ದರೆ ಊಹೆಯನ್ನೂ ಬರೆಯಬಹುದು. ಆದರೆ ಅದರ ಮುಂದೆ ‘ಊಹೆ’ ಎಂದು ಸ್ಪಷ್ಟವಾಗಿ ನಮೂದಿಸಿ, ಊಹಿಸಿದವರ ಹೆಸರನ್ನೂ ಬರೆಯಬೇಕು. ಬರೆಯುವ ಕೆಲಸ ಮಕ್ಕಳದಾಗಲಿ, ಹೇಳುವ ಕೆಲಸ ಹಿರಿಯರದಾಗಲಿ. ಮುಂದಿನ ಸಮ್ಮೇಳನದ ಹೊತ್ತಿಗೆ ಅಂಥ ಪುಸ್ತಕಗಳು ಕೆಲವಾದರೂ ಸಂಘದ ಮೇಜಿನ ಮೇಲೆ ಬಂದರೆ, ಅವುಗಳನ್ನು ಒಟ್ಟಿಗೆ ಕುಳಿತು ಓದಿ, ತಿದ್ದಿ, ಒಂದು ಪಟ್ಟಿ ಮಾಡಬಹುದು. ಅಷ್ಟರಲ್ಲಿ ಅಟ್ಟ ಖಾಲಿ ಮಾಡುವವರು ದಯಮಾಡಿ ಗುಜರಿಯವನನ್ನು ಕರೆಯುವ ಮೊದಲು ಮನೆಯ ಅಜ್ಜಿಯನ್ನು ಒಮ್ಮೆ ಕರೆಯಲಿ.